ಪೂಜೆಯಾದ ಕಂಬ

ನವೆಂಬರ್ ೧೦, ೧೯೩೪, ಶನಿವಾರ. ಹುಣಸೂರು.

ಬೆಳಿಗ್ಗೆ ಕಾಫಿ, ಆಮೇಲೆ ಮುನಿಸಿಪಲ್ ಕಚೇರಿ. ಈ ವಾರ ಮೂರನೇ ಸಲ. ಹಿತ್ತಲಲ್ಲಿ ಶೆಡ್ ಹಾಕಲು ಪರ್ಮಿಟ್ ಬೇಕಂತೆ. ನಮ್ಮ ಹಿತ್ತಲು, ನಮ್ಮ ತಗಡು... ಇರಲಿ.

ಭೇರ್ಯದಿಂದ ಬೀಗರು ಪುಟ್ಟಮಲ್ಲಪ್ಪನವರ ಕಾಗದ. ‘ನಿಮ್ಮ ಕೋಣೆ ತುಂಬ ಹೊಗೆಸೊಪ್ಪು, ಮನೆಯಲ್ಲಿ ಹೆಂಗಸರಿಲ್ಲ. ತಿಂಗಳ ಕೊನೆಯೊಳಗೆ ಕೋಣೆ ಖಾಲಿಯಾಗದಿದ್ದರೆ ಸರ್ವಮಂಗಳಾಳ ಬಾಣಂತನ ಇಲ್ಲಿಯೇ.’ ಮೊದಲ ಬಾಣಂತನ ಅತ್ತೆಮನೆಯಲ್ಲೇ? ನನ್ನಾಕೆ ನೀಲಾಂಬಿಕೆ ತೀರಿಹೋಗಿ ನಾಲ್ಕು ವರ್ಷವಾದರೂ ತವರು ತವರೇ. ಸೊಪ್ಪು ಶೆಡ್ಡಿಗೆ, ಮಗಳು ಕೋಣೆಗೆ. ಸಿಂಪಲ್.

ನವೆಂಬರ್ ೧೨

ಕಾರ್ತಿಕ ಸೋಮವಾರ. ಇಂಥ ದಿನ ಬಿಟ್ಟು ಪರ್ಮಿಟ್ಟಿಗೆ ಕಾಯಲು ನನಗೇನು ತಲೆ ಕೆಟ್ಟಿದೆಯೇ? ಗುದ್ದಲಿ ಪೂಜೆ ಮಾಡಿ ಒಂದು ಕಂಬ ನೆಟ್ಟೆ. ವಿಭೂತಿ, ಮಾವಿನೆಲೆ, ಕಾಯಿ. ಒಂದು ಕಂಬ ಶೆಡ್ ಅಲ್ಲ — ಲಾಜಿಕ್. ಕಾಲೇಜಿನಲ್ಲಿ ಓದಿದ್ದೇನೆ. ಆ ಪೇಪರು ಪಾಸು ಕೂಡ. ಹೋದದ್ದು ಇಂಗ್ಲಿಷಿನಲ್ಲಿ.

ನವೆಂಬರ್ ೧೫

ಓವರ್‌ಸಿಯರ್ ವೀರಭದ್ರಸ್ವಾಮಿ ಟೇಪು ಹಿಡಿದು ಬಂದ. ಪಕ್ಕದ ಮನೆಯ ಹಿತ್ತಲ ಗೋಡೆಯಿಂದ ಕಂಬಕ್ಕೆ ಎರಡಡಿ. ಬೆಂಕಿಯ ಭಯಕ್ಕೆ ಮೂರಡಿ ಬಿಡಬೇಕೆಂದು ರೂಲು.

“ಕಿತ್ತು ಒಂದಡಿ ಈಚೆಗೆ ನೆಡಿ ಶಿವನಂಜಪ್ನೋರೆ. ನಾಳೇನೇ ಪರ್ಮಿಟ್ ಕೊಡ್ತೀನಿ.”

“ಪೂಜೆ ಆಗೋಗದೆ ಕಣಪ್ಪ. ತುಂಬಿದ ಬಸುರಿ ಬರೋ ಮನೇಲಿ ಪೂಜೆ ಕಂಬ ಕೀಳ್ತಾರಾ? ಬೇಕಾದ್ರೆ ನೀನೇ ಕೀಳು.”

ಕೈ ಹಿಂದಕ್ಕೆ ಕಟ್ಟಿಕೊಂಡ. “ನಾನಾ? ನಮ್ಮವ್ವ ಮನೆ ಒಳಕ್ಕೇ ಸೇರ್ಸಕಿಲ್ಲ!”

ಆದರೂ ನೋಟೀಸನ್ನು ಕಂಬಕ್ಕೇ ಅಂಟಿಸಿ ಹೋದ, ಮಾವಿನೆಲೆಯ ಕೆಳಗೆ. ಇಪ್ಪತ್ತಾರಕ್ಕೆ ಮತ್ತೆ ಅಳತೆ. ಆಗಲೂ ಎರಡಡಿಯೇ ಇದ್ದರೆ ಅರ್ಜಿ ವಜಾ.

ನವೆಂಬರ್ ೧೬

ಇಂಗ್ಲಿಷಿನಲ್ಲೇ ಪಿಟಿಷನ್ ಬರೆದೆ. ‘ಐ ಹ್ಯಾವ್ ದಿ ಆನರ್’ ಎಂದು ಶುರು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎರಡು ಕಡೆ ಹಾಕಿದೆ. ಅರ್ಥ ಪೂರ್ತಿ ನೆನಪಿಲ್ಲ, ಆದರೆ ಪದಕ್ಕೆ ತೂಕವಿದೆ. ಗೆಲುವು ಖಂಡಿತ.

ನವೆಂಬರ್ ೨೩

ಪಿಟಿಷನ್ ವಾಪಸು. ಒಂದೇ ಸಾಲು — ಮೂರಡಿ. ಊಟ ಸೇರಲಿಲ್ಲ.

ಹಿತ್ತಲಲ್ಲಿ ನಿಂತಿದ್ದೆ. ಗೋಡೆಯಾಚೆಯಿಂದ ಬಷೀರಾಬಿ, ಗಾಡಿಚಕ್ರ ಮಾಡುವ ಅಹಮದ್ ಪಾಷಾ ಅವರ ಹೆಂಡತಿ, “ಅಣ್ಣಾ, ಮಂಗಳಾ ಯಾವಾಗ ಬತ್ತಾಳೆ?” ಎಂದರು. ಕಂಬದ ಕಥೆಯೆಲ್ಲ ಹೇಳಿಬಿಟ್ಟೆ. ಪಾಷಾ ಮರ ಕೆತ್ತುವ ಬಾಚಿಯನ್ನು ಕೆಳಗಿಟ್ಟು ಎದ್ದು ಬಂದರು.

“ಕಂಬ ಕೀಳಂಗಿಲ್ಲ. ಸರಿ. ಗೋಡೆಗೂ ಪೂಜೆ ಆಗ್ಯದಾ?”

“ಸಾಹೇಬ್ರೆ, ಅದು ನಿಮ್ ಗೋಡೆ.”

“ಅದಕ್ಕೇ ಕೇಳಿದ್ದು. ಮಣ್ಣುಗೋಡೆ ತಾನೆ? ಕೆಡವಿ ಒಂದಡಿ ನಮ್ ಕಡೆಗೆ ಕಟ್ಕೊತೀನಿ ಬುಡಿ.”

ಬೇಡವೆನ್ನಲು ಬಾಯಿ ತೆರೆದೆ. ಬಷೀರಾಬಿ ಬಿಡಲಿಲ್ಲ. “ನಮ್ ನಿಜಾಮು ಹುಟ್ದಾಗ ನೀಲಕ್ಕ ನಲವತ್ತು ದಿನ ಈ ಗೋಡೆ ಮೇಲಿಂದ ಬಿಸಿನೀರು ಎತ್ತಿ ಕೊಟ್ಟವ್ರೆ. ನಿಮ್ಗೊತ್ತಾ?”

ಗೊತ್ತಿರಲಿಲ್ಲ. ಅದೇ ಮನೆಯಲ್ಲಿದ್ದೆ — ಪೇಪರ್ ಓದುತ್ತಾ.

ನವೆಂಬರ್ ೨೬

ಹೊಸ ಗೋಡೆ ಮೊಣಕಾಲೆತ್ತರ ಬಂದಿದೆ. ವೀರಭದ್ರಸ್ವಾಮಿ ಟೇಪು ಹಿಡಿದ — ಮೂರಡಿ ಎರಡಂಗುಲ. ಮತ್ತೊಮ್ಮೆ ಹಿಡಿದ.

“ಇದೇನ್ರೀ, ಕಂಬ ಅಲ್ಲೇ ಅದೆ, ಗೋಡೆ ನಡ್ಕೊಂಡೋಯ್ತಾ?”

“ಗೋಡೆ ನಡೀಬಾರ್ದು ಅಂತ ರೂಲಲ್ಲಿ ಅದೆಯಾ?”

ನಗು ತಡೆಯಲಾಗದೆ ರುಜು ಹಾಕಿದ.

ನವೆಂಬರ್ ೨೯

ಶೆಡ್ ನಿಂತಿತು. ಸೊಪ್ಪೆಲ್ಲ ಅಲ್ಲಿಗೆ. ಕೋಣೆಗೆ ಸುಣ್ಣ. ವಾಸನೆ ಹೋಗಲೆಂದು ಬಷೀರಾಬಿ ಲೋಬಾನದ ಹೊಗೆ ಹಾಕಿದರು. ಬೀಗರಿಗೆ ಬರೆದೆ — ಕೋಣೆ ಖಾಲಿ, ಹೆಂಗಸರೂ ಇದ್ದಾರೆ, ಮಗಳನ್ನು ಕಳಿಸಿ.

ಡಿಸೆಂಬರ್ ೧೯, ಬೆಳಿಗ್ಗೆ ಒಂಬತ್ತು

ಮಂಗಳಾ ಬಂದು ಹದಿನೆಂಟು ದಿನ. ಗೋಡೆ ಇನ್ನೂ ಮೊಣಕಾಲೆತ್ತರವೇ. ಎತ್ತಲೇ ಎಂದು ಪಾಷಾ ಕೇಳಿದಾಗ, ಬಾಣಂತನ ಮುಗೀಲಿ ಎಂದಿದ್ದೆ.

ನಿನ್ನೆ ರಾತ್ರಿಯೇ ನೋವು ಶುರು. ಬಷೀರಾಬಿ ಗೋಡೆ ದಾಟಿಯೇ ಬಂದರು. ಸೂಲಗಿತ್ತಿ ಚೆಲುವಮ್ಮ ನನ್ನನ್ನು ಹೊರಗಟ್ಟಿದಳು. ಹಂಡೆಯ ಒಲೆಗೆ ಸೌದೆ ತುಂಬಿ, ಶೆಡ್ಡಿನಲ್ಲಿ ಆ ಕಂಬಕ್ಕೇ ಒರಗಿ ಕೂತಿದ್ದೇನೆ. ಹಂಡೆ ನೋಡಿ ಬಂದದ್ದು ಆರು ಸಲ. ಈಗ...

ಅಳು. ಮಂಗಳಾಳದಲ್ಲ. ಸಣ್ಣದು.

“ಅಣ್ಣಾ! ಬರೆಯೋದ್ ಬುಡಿ, ಬಿಸಿನೀರು!” ಬಷೀರಾಬಿ ಕೂಗುತ್ತಿದ್ದಾರೆ. ನೀಲಾ, ಈ ಸಲ ನಾನೇ ಹೊತ್ತು—