ಅಪ್ಪನ ಅನ್ನ

ಹದಿನೇಳನೆಯ ತಾರೀಕು, ಗುರುವಾರ ಮಧ್ಯಾಹ್ನ

ನನ್ನ ಕಂದಾ,

ನೀನು, ನನ್ನ ಮೊಮ್ಮಗಳು ಇಲಿಮರಿ, ನಿಮ್ಮ ಕನ್ನಡಕದವರು, ಅವರ ತಾಯಿ, ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಇದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದೇನೂ ಹೊಸ ಸುದ್ದಿಯಲ್ಲ. ನಿನ್ನ ಕಾಗದ ಬಂದು ಮೂರು ವಾರವಾಯಿತು. ‘ಅತ್ತೆಗೆ ಕೋಪ ಬಂದಿರಬೇಕು’ ಎಂದು ಆಗಲೇ ಹತ್ತು ಸಲ ಅಂದುಕೊಂಡಿರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಕೋಪವಿಲ್ಲ ತಾಯಿ. ಶಾಲೆ ಶುರುವಾಗುವ ಕಾಲ. ಅಂಗಡಿಯಲ್ಲಿ ಮಕ್ಕಳ ಅಂಗಿಗಳು ರಾಶಿ ಬಿದ್ದಿವೆ. ಅಷ್ಟಕ್ಕೂ ಕಾಜ ಹಾಕಿ ಗುಂಡಿ ಹೊಲಿಯುವವಳು ನಾನೊಬ್ಬಳೇ. ಕೊರಳಿನಿಂದ ಟೇಪು ಇಳಿಸದ ನಮ್ಮ ಟೈಲರ್, ಅದೇ ಟೇಪಣ್ಣ, ದಿನಾ ಬೆಳಗ್ಗೆ “ಅಮ್ಮಾ, ಇವತ್ತೊಂದು ದಿನ ಸ್ವಲ್ಪ ಬೇಗ ಬೇಗ” ಅನ್ನುತ್ತಾನೆ. ಅವನ ‘ಇವತ್ತೊಂದು ದಿನ’ ಮುಗಿಯುವ ಹೊತ್ತಿಗೆ ಆ ಮಕ್ಕಳಿಗೆಲ್ಲ ಮದುವೆಯಾಗಿರುತ್ತದೆ.

ಭಾನುವಾರದ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನು ಹಿಡಿದರೆ ಸಾಕು, ಆ ಇಲಿಮರಿ ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ನಿಂತಿರುತ್ತದೆ. ಅವಳ ಮುಂದೆ ಆಡುವ ಮಾತಲ್ಲ ಇದು. ಅದಕ್ಕೇ ಅಂಗಡಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಹೋದ ಮೇಲೆ ಬರೆಯಲು ಕೂತಿದ್ದೇನೆ.

ನಿನ್ನ ಕಾಗದ ಓದುವಾಗ ಒಂದೆರಡು ಕಡೆ ನಗು ಬಂತು, ಒಂದು ಕಡೆ ಮುಂದೆ ಓದಲಾಗದೆ ಮಡಿಚಿಟ್ಟೆ. “ಅಪ್ಪನ ಅನ್ನ ಬೇರೆ ಡಬ್ಬೀಲಿ ಇರುತ್ತೆ. ಇದು ಎಲ್ಲಾರ ಅನ್ನ. ನಂಗೆ ಬೇಡ” ಎಂದು ಇಲಿಮರಿ ತಟ್ಟೆ ತಳ್ಳಿದಳಂತೆ. ನಿನ್ನ ಹೊಸ ಅತ್ತೆಯವರು, “ನಲವತ್ತು ವರ್ಷದಿಂದ ಬೇಯಿಸ್ತಿದೀನಿ, ನನ್ನ ಅನ್ನಕ್ಕೆ ಹೆಸರಿಡೋಕೆ ಇವಳು ಹುಟ್ಟಿ ಬಂದ್ಲು ನೋಡು” ಅಂದರಂತೆ. ಅಂದರೆ ಅನ್ನಲಿ ಬಿಡು, ಪಾಪ, ಬಡಿಸಿದ ಕೈಗೆ ನೋವಾಗುವುದಿಲ್ಲವೇ? ನಿನ್ನ ಕನ್ನಡಕದವರು ಮಾತ್ರ ಅರ್ಧ ಊಟಕ್ಕೇ ಎದ್ದುಹೋಗಿ, ಕೈ ತೊಳೆಯುತ್ತಾ ನಿನ್ನನ್ನು ಕೇಳಿದರಂತೆ: “ನಾನು ಇನ್ನೂ ಎಷ್ಟು ದಿನ ಮಾಮ ಆಗಿರ್ಬೇಕು?” ಅಲ್ಲಿಗೆ ಕಾಗದ ಮಡಿಚಿಟ್ಟೆ.

ಅವರು ಒಳ್ಳೆಯವರು. ನಾನೇ ಹೋಗಿ ನೋಡಿ, ಮಾತಾಡಿಸಿ, ಅವರ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದನ್ನು ಒಂದು ಗಂಟೆ ಕೂತು ನೋಡಿ ಒಪ್ಪಿದ್ದು ತಾನೇ? ಆಗ ಈ ಬೀದಿಯವರು ಏನೇನು ಅಂದರು! “ಸೊಸೇನೂ ಮೊಮ್ಮಗಳನ್ನೂ ಕೈಯಾರೆ ಬೇರೆ ಮನೆಗೆ ಕಳಿಸ್ತಾಳಲ್ಲ, ಇವಳಿಗೇನು ಬುದ್ಧಿ ನೆಟ್ಟಗಿದೆಯಾ?” ಅಂದರು. ನಿನಗೆ ಹೆತ್ತ ತಾಯಿ ಇಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲ. ಮೂವತ್ತು ತುಂಬದವಳು ನನ್ನ ಜೊತೆ ಗುಂಡಿ ಹೊಲಿಯುತ್ತಾ ಮುದುಕಿಯಾಗಬೇಕಿತ್ತೇ? ಇನ್ನೊಂದು ಸಲ ಕೇಳಿದರೂ ಕಳಿಸುತ್ತೇನೆ. ಆದರೆ ಕಳಿಸಿದ ಮೇಲೆ ಈ ಎರಡು ಕೋಣೆಯ ಮನೆ ಇಷ್ಟು ದೊಡ್ಡದಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

“ಅತ್ತೆ, ಅವಳಿಗೆ ಗದರಲಾ, ನಿಜ ಹೇಳಿಬಿಡಲಾ? ಇಲ್ಲದಿದ್ದರೆ ಆ ಡಬ್ಬೀನೇ ಕಳಿಸಿಬಿಡಿ, ಅದರಲ್ಲೇ ಮಾಡಿಕೊಡ್ತೀನಿ. ಮಗು ಸೊರಗ್ತಾ ಇದೆ” ಎಂದು ಬರೆದಿದ್ದೀಯ. ಗದರಬೇಡ. ಇದು ಶುರುವಾಗಿದ್ದು ಹೇಗೆ ಎಂದು ನಮ್ಮಿಬ್ಬರಿಗೂ ಗೊತ್ತು, ಮಗುವಿನದೇನು ತಪ್ಪು?

ನನ್ನ ಮಗ ಲಿಫ್ಟ್ ರಿಪೇರಿಗೆ ಹೋದರೆ ಇಷ್ಟು ಹೊತ್ತಿಗೆ ಬರುತ್ತೇನೆ ಎಂಬುದಿರಲಿಲ್ಲ. ಎಲ್ಲೋ ಯಾರೋ ಎರಡು ಮಹಡಿಯ ನಡುವೆ ಸಿಕ್ಕಿಕೊಂಡರೆ ಇವನ ಊಟ ಹೋಯಿತು. ಬಂದಾಗ ಅನ್ನ ಬಿಸಿ ಇರಬೇಕು, ಅದೂ ಉದುರು ಉದುರಾಗಿ. ನಾವಿಬ್ಬರು ತಿನ್ನುವ ಮೆತ್ತನೆಯ ಅನ್ನ ಕಂಡರೆ “ಇದೇನಮ್ಮಾ, ಪೋಸ್ಟರ್ ಅಂಟಿಸೋಕೆ ಮಾಡಿದ್ದಾ?” ಅನ್ನುತ್ತಿದ್ದ. ಅದಕ್ಕೇ ಅವನ ಅನ್ನ ಬೇರೆ ಡಬ್ಬಿಯಲ್ಲಿ. ನಮ್ಮದನ್ನು ತೆಗೆದುಕೊಂಡು ಕುಕ್ಕರ್ ಮುಚ್ಚಿಟ್ಟರೆ ಅವನು ಬರುವ ತನಕ ಒಳಗೆ ಬೆಚ್ಚಗೆ ಕೂತಿರುತ್ತಿತ್ತು. ಆ ಲಿಫ್ಟಿನ ಗುಂಡಿಯಲ್ಲಿ ಬಿದ್ದು ಅವನು ಹೋದ ಮೇಲೆ ಮನೆಯಲ್ಲಿ ಒಲೆ ಹಚ್ಚಿದ ಮೊದಲ ದಿನ ನೆನಪಿದೆಯಾ? ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕುಕ್ಕರ್ ತೆಗೆದರೆ ಡಬ್ಬಿ ಎರಡು. ನೀನು ಅದನ್ನೇ ನೋಡುತ್ತಾ ನಿಂತೆ, ನಾನು ನಿನ್ನನ್ನು ನೋಡುತ್ತಾ ನಿಂತೆ. ತಿನ್ನುವಂತಿಲ್ಲ, ಚೆಲ್ಲುವಂತಿಲ್ಲ. ಅಷ್ಟರಲ್ಲಿ ಒಂದು ವರ್ಷದ ಇಲಿಮರಿ ತೆವಳಿಕೊಂಡು ಬಂದು ನನ್ನ ಸೀರೆ ಹಿಡಿದು ಎದ್ದು, ಡಬ್ಬಿಗೆ ಕೈಚಾಚಿ “ಆ... ಆ...” ಅಂದಳು. “ಅಪ್ಪನ ಅನ್ನ ಕಂದಾ, ತಿನ್ನು” ಎಂದು ನಾನೇ ಬಾಯಿಗಿಟ್ಟೆ. ಮೂರು ದಿನದಿಂದ ಸರಿಯಾಗಿ ತಿನ್ನದ ಮಗು ಅವತ್ತು ಹೊಟ್ಟೆ ತುಂಬಾ ತಿಂದಿತು. ಮಾರನೆಯ ದಿನವೂ ಇಟ್ಟೆ. ಆಮೇಲೆ ನಿಲ್ಲಿಸಬೇಕು ಎಂದು ನನಗೂ ಅನ್ನಿಸಲಿಲ್ಲ, ನಿನಗೂ ಅನ್ನಿಸಲಿಲ್ಲ.

ನಿಜ ಹೇಳುವುದಕ್ಕೆ ಅವಳು ಇನ್ನೂ ಸ್ವಲ್ಪ ಬೆಳೆಯಲಿ. ಅಪ್ಪ ಇಲ್ಲ ಎಂಬುದು ಅವಳಿಗೆ ಗೊತ್ತು, ಇಲ್ಲ ಅಂದರೆ ಏನು ಎಂಬುದು ಗೊತ್ತಿಲ್ಲ. ಬುದ್ಧಿ ಬಂದ ಮೇಲೆ ಎಲ್ಲವನ್ನೂ ಕೂರಿಸಿಕೊಂಡು ಹೇಳು, ಒಂದನ್ನೂ ಮುಚ್ಚಿಡಬೇಡ. ಈಗ ಮೊದಲು ಅವಳ ಹೊಟ್ಟೆಗೆ ಅನ್ನ ಹೋಗಲಿ.

ಟೇಪಣ್ಣ ಬಂದ, ಕಾಗದವನ್ನು ಅಂಗಿಯ ಕೆಳಗೆ ಬಚ್ಚಿಟ್ಟೆ. “ಏನಮ್ಮಾ, ಪ್ರೇಮಪತ್ರಾನಾ?” ಅಂದ. “ಹೂಂ ಕಣಯ್ಯಾ, ನಿನಗೇ ಬರೀತಿದೀನಿ, ಸಂಬಳ ಜಾಸ್ತಿ ಮಾಡು ಅಂತ” ಅಂದೆ. ಆ ಮಾತು ಕಿವಿಗೆ ಬಿದ್ದಿದ್ದೇ ಟೇಪು ಸರಿಮಾಡಿಕೊಂಡು ಆ ಕಡೆ ಹೋದ, ಇನ್ನು ಸಂಜೆಯವರೆಗೆ ಈ ಕಡೆ ತಲೆ ಹಾಕುವುದಿಲ್ಲ.

ಈಗ ಮಾಡುವ ಕ್ರಮ ಹೇಳುತ್ತೇನೆ, ಗಮನವಿಟ್ಟು ಓದು. ನಮ್ಮ ಮನೆಗೆ ಬಂದ ಹೊಸದರಲ್ಲಿ ಕುಕ್ಕರ್ ತಳಕ್ಕೆ ನೀರೇ ಹಾಕದೆ ಡಬ್ಬಿ ಇಟ್ಟು, ಅದು ಸಿಡಿದು, ನೀನು ಬಾಗಿಲ ಹಿಂದೆ ಅವಿತುಕೊಂಡಿದ್ದೆಯಲ್ಲ. ನನ್ನ ಮಗ ಸೂರಿನ ಕಲೆ ನೋಡಿ, “ನನ್ನ ಲಿಫ್ಟಿಗಿಂತ ನಿನ್ನ ಕುಕ್ಕರೇ ಬೇಗ ಮೇಲೆ ಹೋಗುತ್ತಲ್ಲೇ” ಅಂದಿದ್ದ. ಆ ಕಲೆ ಇನ್ನೂ ಇದೆ. ಮನೆಯ ಯಜಮಾನರು ಸುಣ್ಣ ಹೊಡೆಸುತ್ತೇನೆ ಅಂದರು, ಅಡುಗೆಮನೆಗೆ ಬೇಡ ಅಂದೆ.

ಮೊದಲು ಕುಕ್ಕರ್ ತಳಕ್ಕೆ ಎರಡು ಬೆರಳಿನಷ್ಟು ನೀರು, ಅದರಲ್ಲಿ ತೂತಿನ ತಟ್ಟೆ. ಹಿಂಡಿದ ನಿಂಬೆಹಣ್ಣಿನ ಸಿಪ್ಪೆ ಇದ್ದರೆ ಆ ನೀರಿಗೆ ಹಾಕು, ಕುಕ್ಕರ್ ಕಪ್ಪಾಗುವುದಿಲ್ಲ. ಕೆಳಗಿನ ಡಬ್ಬಿ ನಿನ್ನ ಅತ್ತೆಯವರದು. ಅವರಿಗೆ ಮೆತ್ತಗೆ ಬೇಕು, ಅಕ್ಕಿಯ ಮೂರರಷ್ಟು ನೀರು ಹಾಕು. ಮೇಲಿನದು ಇಲಿಮರಿಯದು. ಅಕ್ಕಿ ತೊಳೆದು ಸ್ವಲ್ಪ ಹೊತ್ತು ನೆನೆಸಿ, ಆ ನೀರು ಬಸಿದು, ಲೋಟ ಅಕ್ಕಿಗೆ ಎರಡು ಲೋಟಕ್ಕೆ ಕೊಂಚ ಕಡಿಮೆ ನೀರು. ಬೇರೆ ಡಬ್ಬಿಯಲ್ಲಿ ಬೇಯುವಾಗ ನೀರು ಆರಿಹೋಗುವುದಿಲ್ಲ, ಪಾತ್ರೆಯಲ್ಲಿ ಬೇಯಿಸುವ ಅಂದಾಜಿನಲ್ಲಿ ಸುರಿದುಬಿಡಬೇಡ. ಮೇಲಿನ ಡಬ್ಬಿಗೆ ತಪ್ಪದೆ ತಟ್ಟೆ ಮುಚ್ಚು, ಇಲ್ಲದಿದ್ದರೆ ಮುಚ್ಚಳದ ಬೆವರೆಲ್ಲ ಅನ್ನಕ್ಕೇ ಇಳಿಯುತ್ತದೆ. ಮೂರು ವಿಷಲ್ ಆದ ಮೇಲೆ ಒಲೆ ಆರಿಸಿ ಸುಮ್ಮನಿರು. ನಿನ್ನ ಅವಸರ ನನಗೆ ಗೊತ್ತು, ಚಮಚದಲ್ಲಿ ವೆಯ್ಟ್ ಎತ್ತಿ ಬುಸ್ ಅನ್ನಿಸುತ್ತೀಯ. ಬೇಡ. ಸಿಟ್ಟು ಬಂದವರ ಹತ್ತಿರ ಹೇಗೋ ಹಾಗೆ, ತಾನಾಗಿ ಇಳಿಯುವ ತನಕ ಮುಟ್ಟಬಾರದು. ಒಂದೇ ಕುಕ್ಕರಿನಲ್ಲಿ ಎರಡೂ ಬೆಂದರೆ ‘ನನ್ನ ಅನ್ನ ಬಿಟ್ಟು ಬೇರೆ ಮಾಡಿದರು’ ಎಂದು ನಿನ್ನ ಅತ್ತೆಯವರಿಗೂ ಅನ್ನಿಸುವುದಿಲ್ಲ.

ಆದರೆ ಇದನ್ನು ನೀನು ಮಾಡಬೇಡ. ಓದಿ, ಕಲಿತು, ನಿಮ್ಮ ಕನ್ನಡಕದವರ ಕೈಯಲ್ಲಿ ಮಾಡಿಸು.

ಹೌದು, ಅವರ ಕೈಯಲ್ಲೇ. ಕೂದಲೆಳೆ ಅಳತೆಯಲ್ಲಿ ಗಾಜು ಉಜ್ಜುವವರಿಗೆ ಲೋಟದಲ್ಲಿ ನೀರು ಅಳೆಯುವುದು ಯಾವ ಮಹಾ ಕೆಲಸ? ಇಲಿಮರಿಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸು. ಅವರು ಅಕ್ಕಿ ತೊಳೆಯುವುದನ್ನು ನೋಡಲಿ, ಡಬ್ಬಿ ಇಡುವುದನ್ನು ನೋಡಲಿ. ಮೊದಲ ದಿನ ಮುದ್ದೆಯಾಗುತ್ತದೆ, ಎರಡನೆಯ ದಿನ ಅಕ್ಕಿ ಅಕ್ಕಿಯಾಗಿ ಉಳಿಯುತ್ತದೆ, ನಗಬೇಡಿ. ಅವರೇ ಬಡಿಸಲಿ. ‘ಇದು ಅಪ್ಪನ ಅನ್ನ’ ಎಂದು ನೀವು ಯಾರೂ ಅವಳಿಗೆ ಹೇಳಬೇಡಿ, ಬಾಯಿಪಾಠ ಮಾಡಿಸಬೇಡಿ. ಯಾವತ್ತೋ ಒಂದು ದಿನ ಅವಳೇ ಅನ್ನುತ್ತಾಳೆ. ಅವತ್ತು ಅದು ಸುಳ್ಳಾಗಿರುವುದಿಲ್ಲ. ನಾನು ಇಷ್ಟು ವರ್ಷ ಉಣ್ಣಿಸಿದ್ದು ಅಜ್ಜಿ ಮಾಡಿದ ಅನ್ನ, ಹೆಸರು ಮಾತ್ರ ಅಪ್ಪನದು.

ಡಬ್ಬಿ ಕಳಿಸುವುದಿಲ್ಲ. ಜಿಪುಣಿ ಅನ್ನು, ಪರವಾಗಿಲ್ಲ. ಅದು ಬಂದರೆ ಅಲ್ಲಿಯೂ ಅದು ನನ್ನ ಮಗನ ಅನ್ನವೇ ಆಗಿ ಉಳಿಯುತ್ತದೆ, ಆ ಮನುಷ್ಯ ಎಷ್ಟು ಚೆನ್ನಾಗಿ ಬೇಯಿಸಿದರೂ ಮಾಮನೇ ಆಗಿ ಉಳಿಯುತ್ತಾರೆ. ಮೂವರೂ ಅಂಗಡಿಗೆ ಹೋಗಿ ಹೊಸದು ತನ್ನಿ. ಇಲಿಮರಿಯೇ ಆರಿಸಲಿ.

ಇದನ್ನು ಬರೆಯುವುದು ನನಗೆ ಸುಲಭ ಎಂದುಕೊಳ್ಳಬೇಡ. ನಾನು ಇವತ್ತಿಗೂ ಲಿಫ್ಟ್ ಹತ್ತುವುದಿಲ್ಲ, ಆರನೆಯ ಮಹಡಿಗೆ ಅಂಗಿ ಕೊಟ್ಟುಬರುವುದಿದ್ದರೂ ಗೋಡೆ ಹಿಡಿದು ಮೆಟ್ಟಿಲಲ್ಲೇ ಹೋಗುತ್ತೇನೆ. ಅವನ ಮುಖ ಇಲಿಮರಿಗೆ ನೆನಪಿಲ್ಲ, ಧ್ವನಿ ನೆನಪಿಲ್ಲ. ಅವನು ಅವಳಿಗೆ ಉಳಿದಿದ್ದು ‘ಅಪ್ಪನ ಅನ್ನ’ ಎಂಬ ಆ ಎರಡು ಮಾತಿನಲ್ಲಿ, ದಿನಕ್ಕೆ ಎರಡು ಹೊತ್ತು. ಅದನ್ನು ನಾನೇ ತೆಗೆದು ಇನ್ನೊಬ್ಬರ ಕೈಗೆ ಕೊಡುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ ಕಣೇ. ಆದರೂ ಸತ್ತವನಿಗೆ ಹಸಿವಿಲ್ಲ, ಮಗುವಿಗೆ ಇದೆ.

ನಿಮ್ಮ ಕನ್ನಡಕದವರಿಗೆ ನಾನು ಕೇಳಿದೆ ಎಂದು ಹೇಳು. ಅವರು ಮಾಡಿಕೊಟ್ಟ ಕನ್ನಡಕದಿಂದ ಸೂಜಿಯ ಕಣ್ಣು ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿದೆ. ನಿನ್ನ ಅತ್ತೆಯವರಿಗೆ ಎದುರು ಮಾತಾಡಬೇಡ, ನನ್ನ ಹತ್ತಿರ ಆಡಿದ್ದೇ ಸಾಕು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಇಲಿಮರಿಯ ಕೆನ್ನೆ ಮತ್ತೆ ತುಂಬಲಿ. ಆ ಮನೆಯಲ್ಲಿ ನಿನಗೆ ನೆಲೆ ಸಿಗಲಿ, ನಗು ಸಿಗಲಿ, ನೂರು ಕಾಲ ಎಲ್ಲರೂ ಒಟ್ಟಿಗೆ ಕೂತು ಉಣ್ಣುವಂತಾಗಲಿ. ನನ್ನ ಬಗ್ಗೆ ಚಿಂತೆ ಬೇಡ.

ಇಂತಿ,
ನಿನ್ನ ಅತ್ತೆ

ಮತ್ತೊಂದು ಮಾತು. ಇದನ್ನು ಬರೆಯಬಾರದು ಎಂದೇ ಮೇಲೆ ‘ಇಂತಿ’ ಎಂದು ಮುಗಿಸಿದೆ. ಆದರೆ ನಿನಗೆ ತಿಳಿಸದಿದ್ದರೆ ನಾಳೆ ಮಗು ಗೊಂದಲಕ್ಕೆ ಬೀಳುತ್ತದೆ. ಹೋದ ಭಾನುವಾರ ಫೋನು ಇಲಿಮರಿಗೆ ಕೊಟ್ಟು ನೀನು ಬಟ್ಟೆ ಒಣಹಾಕಲು ಹೋದೆಯಲ್ಲ, ಆಗ ಕೇಳಿದಳು: “ಅಜ್ಜೀ, ನೀನು ನನ್ನ ಅಪ್ಪನ ಅಮ್ಮ ಅಂತಿದ್ದೆ. ಇಲ್ಲಿರೋ ಅಜ್ಜೀನೂ ಅಪ್ಪನ ಅಮ್ಮ ಅಂತಾರೆ. ಯಾರು ಸುಳ್ಳು ಹೇಳ್ತಿರೋದು?” ಆ ಅಜ್ಜಿ ಸುಳ್ಳು ಹೇಳುತ್ತಾರೆ ಅಂದರೆ ಅವಳು ಆ ಮನೆಯವಳು ಯಾವತ್ತಿಗೂ ಆಗುವುದಿಲ್ಲ. “ನಾನೇ ಕಂದಾ ಸುಳ್ಳು ಹೇಳಿದ್ದು. ನಾನು ನಿನ್ನ ಅಮ್ಮನ ಅಮ್ಮ” ಅಂದೆ. “ಸುಳ್ಳು ಹೇಳಬಾರ್ದು ಅಜ್ಜೀ” ಎಂದು ಗದರಿ ಆಟಕ್ಕೆ ಹೋದಳು. ಅವನನ್ನು ಹೆತ್ತ ನಾನೇ ನನ್ನ ಬಾಯಿಂದ ಹಾಗೆ ಅಂದೆ. ಇನ್ನು ಅವಳ ಮುಂದೆ ನನ್ನನ್ನು ಅತ್ತೆ ಅನ್ನಬೇಡ, ಅಮ್ಮ ಅನ್ನು. ಬೀದಿಯವರೆಲ್ಲ ಅಮ್ಮ ಅನ್ನುತ್ತಾರೆ, ಅದು ಬೇರೆ. ಮನೆಯವನಾಗಿ ಹಾಗೆ ಕರೆದವನು ಅವನೊಬ್ಬನೇ, ಅವನು ಹೋದ ಮೇಲೆ ಯಾರೂ ಕರೆದಿಲ್ಲ. ಬರುವ ಭಾನುವಾರ ನೀನು ‘ಅಮ್ಮಾ’ ಎಂದು ಕರೆದಾಗ ಈ ಕಡೆಯಿಂದ ಮಾತು ಬರದಿದ್ದರೆ, ಫೋನು ಕಟ್ಟಾಯಿತು ಎಂದು ಇಟ್ಟುಬಿಡಬೇಡ.