ಎಂಟು ಏಟಿನ ಟೇಪು

9 ಜನವರಿ 2006, ಸೋಮವಾರ. ಬೆಳಿಗ್ಗೆ 10

ಸ್ಪಿರಿಟ್ ಹಾಕಿ ಟೇಪ್‌ರೆಕಾರ್ಡರಿನ ಹೆಡ್ ಒರೆಸಿದೆ. ಹತ್ತಿ ಕೆಂಪಾಯಿತು. ನಿನ್ನೆ ತಾನೇ ಒರೆಸಿದ್ದು! ಚಿತ್ತವಾಡ್ಗಿ ರಸ್ತೆಯಲ್ಲಿ ಅದಿರು ಲಾರಿ ನಿಲ್ಲುವುದಿಲ್ಲ, ಧೂಳೂ ನಿಲ್ಲುವುದಿಲ್ಲ. ನಿಂತದ್ದು ಗಿರಾಕಿ ಮಾತ್ರ. ಎಲ್ಲರಿಗೂ ಸಿ.ಡಿ. ಬೇಕು. ಕ್ಯಾಸೆಟ್ ಅಂದರೆ ನಗುತ್ತಾರೆ. ನಗಲಿ, ಅವರ ಬಾಯಿಗೆ ಮಣ್ಣು ಬೀಳ.

ಶಟರ್ ಅರ್ಧ ಎಳೆದು 'ಕೆಮ್ಮು' ಟೇಪು ಹಾಕಿದೆ. ಹಂಪಿಯಲ್ಲಿ ಹೊಳೆಯಾಚೆ ಗೆಸ್ಟ್‌ಹೌಸ್ ನಡೆಸುವ ವಿರುಪಾಕ್ಷಪ್ಪ, ಫಾರಿನ್‌ನವರು ಬಿಟ್ಟುಹೋದ ಟೇಪುಗಳನ್ನು ನನಗೇ ಅಂತ ಎತ್ತಿಡುತ್ತಾನೆ. ಜಾಝ್, ಸೋಲ್, ಎಲ್ಲ ಅಲ್ಲಿನ ಕರಿಯರ ಸಂಗೀತ. ಹೆಚ್ಚಿನವುಗಳ ಮೇಲೆ ಹೆಸರೇ ಇರುವುದಿಲ್ಲ. ಒಳಗೆ ತಪ್ಪಿ ಬಂದ ಸದ್ದು ನೋಡಿ ನಾನೇ ಹೆಸರಿಡುತ್ತೇನೆ. 'ಕೆಮ್ಮು' ಒಬ್ಬ ಟ್ರಂಪೆಟ್‌ನವನದು. ಮೂರನೇ ನಿಮಿಷಕ್ಕೆ ಯಾರೋ ಕೆಮ್ಮುತ್ತಾರೆ. ಅವನ ತಮ್ಮನಂತೆ. ಕ್ಷಯ. ತಿಂಗಳೊಳಗೆ ಸತ್ತನಂತೆ. ಕೆಮ್ಮು ಬಂದಿದೆ, ಇನ್ನೊಮ್ಮೆ ಊದು ಅಂದ ರೆಕಾರ್ಡಿಂಗ್‌ನವನ ಎರಡು ಹಲ್ಲನ್ನು ಅದೇ ಟ್ರಂಪೆಟ್‌ನಿಂದ ಉದುರಿಸಿದನಂತೆ. ಹೇಳಿದ್ದು ಗೆಸ್ಟ್‌ಹೌಸಿಗೆ ಪ್ರತಿ ವರ್ಷ ಬರುವ ಮುದುಕ ಫ್ರೆಂಚ್‌ನವನು. ನಿಜವೋ, ಗಾಂಜಾ ಹೊಡೆದು ಕಟ್ಟಿದ್ದೋ... ಏನೇ ಇರಲಿ. ಆ ಕೆಮ್ಮಿಲ್ಲದಿದ್ದರೆ ನನಗೆ ಆ ಟೇಪು ಬೇಡ.

ಕ್ಲೀನ್ ಟೇಪು ಸತ್ತ ಟೇಪು. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳಿದ್ದೇನೆ.

12 ಜನವರಿ, ಗುರುವಾರ

ರೈಲ್ವೆ ಗೇಟಿನ ಹತ್ತಿರ ಲಾರಿ ಒಬ್ಬ ಸೈಕಲ್‌ನವನ ಮೇಲೆ ಹೋಯಿತು. ಜನ ಡ್ರೈವರನನ್ನು ಎಳೆದು ಹೊಡೆದರು. ಕಿವಿಯಿಂದ ರಕ್ತ. "ಬ್ರೇಕ್ ಹತ್ಲಿಲ್ರಿ, ಯಪ್ಪಾ, ಬ್ರೇಕ್ ಹತ್ಲಿಲ್ರಿ" ಅಂತ ಒಂದೇ ಸಮ ಕೂಗುತ್ತಿದ್ದ. ನಾನೂ ಒಂದು ಕಲ್ಲು ಎಸೆದೆ. ತಾಗಿತು. ಯಾಕೆ ಎಸೆದೆ? ಸಿಟ್ಟು. ಅಷ್ಟೇ.

ಹೇಮಾವತಿಗೆ ಹೇಳಿದೆ. ಹೆಂಡತಿಗೆ ಹೇಳದಿದ್ದರೆ ಊಟ ಇಳಿಯುವುದಿಲ್ಲ. "ನಿಮ್ಮ ಕೈಗೆ ಬುದ್ಧಿ ಯಾವಾಗ ಬರ್ತೈತ್ರಿ?" ಅಂದಳು. ಬಡಿಸಿದ್ದು ಮಾತ್ರ ಕಡಿಮೆ ಮಾಡಲಿಲ್ಲ.

ಸಂಜೆ 'ಕುರ್ಚಿ' ಕೇಳಿದೆ. ಡ್ರಮ್‌ನವನೂ ಸ್ಯಾಕ್ಸೋಫೋನ್‌ನವನೂ ಒಂದೇ ಹೆಂಗಸಿಗಾಗಿ ಚಾಕು ಹಿಡಿದವರಂತೆ. ಇಬ್ಬರೂ ಗಾಯಕ್ಕೆ ಬಟ್ಟೆ ಕಟ್ಟಿಕೊಂಡೇ ನುಡಿಸಿದ್ದಂತೆ. ನಡುವೆ ಕುರ್ಚಿ ಕಿರ್ರೆನ್ನುತ್ತದೆ. ಆಮೇಲೆ ಡ್ರಮ್ ಏಟು ಹೆಚ್ಚು. ಮುರಿದುಹಾಕುವ ಹಾಗೆ ಹೊಡೆಯುತ್ತಾನೆ. ಇವತ್ತು ಆ ಏಟು ಕೇಳಲಾಗಲಿಲ್ಲ. ಆಫ್ ಮಾಡಿದೆ.

19 ಜನವರಿ, ಗುರುವಾರ. ಮಧ್ಯಾಹ್ನ 3

ಒಬ್ಬ ಹೆಂಗಸು ಬಂದಳು. ಮೂವತ್ತೈದು ಇರಬಹುದು. ಅಂಗೈ, ಉಗುರು, ರೆಪ್ಪೆ ಎಲ್ಲ ಅದಿರಿನ ಕೆಂಪು. ಹೆಸರು ಭೀಮವ್ವ. ಕಂಪ್ಲಿ ಕಡೆಯವಳು, ಈಗ ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಸುತ್ತಿಗೆ ಕೆಲಸ. ರೀಲು ಸಿಕ್ಕಾದ ಕ್ಯಾಸೆಟ್ ಒಂದನ್ನು ಮುಂದಿಟ್ಟಳು. ಅವ್ವನ ಬೀಸುವ ಪದ ಇತ್ತಂತೆ. ಉಳಿಯಲ್ಲಮ್ಮ ಅಂದೆ. "ಹಿಂಗಿತ್ರಿ ಅದು" ಅಂತ ನಿಂತಲ್ಲೇ ಹಾಡಿದಳು.

ಅಯ್ಯೋ ದೇವರೇ! ಒಡೆದ ದನಿ. ಕೆಳಗಿನ ಸ್ವರದಲ್ಲಿ ಕಲ್ಲು ಹೊರಳಿದ ಹಾಗೆ. ಲಾರಿ ಹಾರ್ನ್ ಹೊಡೆದರೂ ನಿಲ್ಲಿಸಲಿಲ್ಲ, ಅದರ ಮೇಲೇ ಹಾಡಿದಳು.

'ಬಾಗಿಲು' ಟೇಪು ಹಾಕಿ ಕೇಳಿಸಿದೆ. ಒಬ್ಬ ಕರಿಯ ಹೆಂಗಸಿನ ಸೋಲ್ ಹಾಡು. ಕೊನೆಗೆ ಬಾಗಿಲು ಧಡ್ಡೆನ್ನುತ್ತದೆ. ಭೀಮವ್ವ ಅರ್ಧ ನಿಮಿಷ ಕೇಳಿದಳು. "ಈಕಿನ್ನ ಬಡದಾರ ನೋಡಣ್ಣ. ತುಟಿ ಹರದೈತಿ. ಮಾತು ಕೂಡವಲ್ದು" ಅಂದಳು. ಮುದುಕ ಫ್ರೆಂಚ್‌ನವನು ಹೇಳಿದ್ದೂ ಅದೇ. ಅವತ್ತು ಬೆಳಿಗ್ಗೆ ಗಂಡ ಹೊಡೆದಿದ್ದ, ಹಾಡು ಮುಗಿಯುವ ಹೊತ್ತಿಗೆ ಬಾಗಿಲು ಒದ್ದುಕೊಂಡು ಒಳಗೆ ಬಂದವನೂ ಅವನೇ. ಇವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಹೇಗೆ ತಿಳಿಯಿತು? ಕೇಳಲಿಲ್ಲ. ಇವಳ ತುಟಿಯ ಮೇಲೂ ಹಳೆಯ ಗೆರೆ ಇತ್ತು.

ಇವಳನ್ನು ರೆಕಾರ್ಡ್ ಮಾಡಬೇಕು. ಮಾಡಲೇಬೇಕು.

27 ಜನವರಿ, ಶುಕ್ರವಾರ

ಹೊಸ ಮೈಕ್ ತಂದೆ. ಸೋಮವಾರ ಗುಡ್ಡಕ್ಕೆ. ರಜೆ ಸಿಗುವುದಿಲ್ಲ, ಕೆಲಸದಲ್ಲೇ ಹಾಡುತ್ತೇನೆ ಅಂದಿದ್ದಾಳೆ ಭೀಮವ್ವ.

ಅಲ್ಲಿನ ಪದ್ಧತಿ ಹೇಳಿದಳು. ಬಂಡೆಗೆ ಸಾಲಾಗಿ ತೂತು ಕೊರೆದು, ಮದ್ದು ತುಂಬಿ, ಒಂದೊಂದೇ ಬತ್ತಿ ಹಚ್ಚುತ್ತಾರೆ. ಮೇಸ್ತ್ರಿ ತೂತಿನ ಲೆಕ್ಕ ಕೂಗುತ್ತಾನೆ. ಹೆಂಗಸರು ಟಿಪ್ಪರ್ ಕೆಳಗೆ ಸೇರಿ, ಪ್ರತಿ ಢಂ ಅಂದಾಗಲೂ ಬಾಯಿಬಿಟ್ಟು ಎಣಿಸುತ್ತಾರೆ. ಎಲ್ಲರೂ ಕೂಡಿ. ಒಂದು ಕಮ್ಮಿ ಬಂತೋ, ಮದ್ದಿನವನು ಹೋಗಿ ನೋಡುವ ತನಕ ಒಬ್ಬಳೂ ಹೊರಗೆ ಕಾಲಿಡುವುದಿಲ್ಲ. ಮೇಸ್ತ್ರಿ ಸೀಟಿ ಹೊಡೆದರೂ ಇಲ್ಲ, ಬೈದರೂ ಇಲ್ಲ. "ಸೀಟಿ ಲಾರಿಗೆ, ಎಣಿಕಿ ನಮಗ" ಅಂದಳು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಎಣಿಸುವವಳು ಇವಳೇ.

ನನಗೆ ಹೊಳೆದದ್ದು ಬೇರೆ. ಆ ಏಟುಗಳ ಮೇಲೇ ಇವಳು ಹಾಡಿದರೆ! ಗುಡ್ಡವೇ ಡ್ರಮ್. ಯಾವ ಸ್ಟುಡಿಯೋದಲ್ಲಿ ಇದೆ ಅಂಥದ್ದು?

30 ಜನವರಿ, ಸೋಮವಾರ

ಭೀಮವ್ವ ಸತ್ತಳು.

6 ಫೆಬ್ರುವರಿ, ಸೋಮವಾರ

ಇವತ್ತು ಬರೆಯಲು ಆದೀತು.

ಒಂಬತ್ತು ತೂತು. ಮೇಸ್ತ್ರಿ ರೇವಣಸಿದ್ದ "ಒಂಬತ್ತೈತಿ, ಒಂಬತ್ತು" ಅಂತ ಕೂಗಿದ. ಬತ್ತಿ ಹಚ್ಚಿದರು. ಟಿಪ್ಪರ್ ಕೆಳಗೆ ಐವರು ಹೆಂಗಸರು, ನಾನು. ಏಟು ನಿಂತವು. ಕೆಳಗೆ ಲಾರಿ ಸಾಲುಗಟ್ಟಿದ್ದವು. ಮೇಸ್ತ್ರಿ ಸೀಟಿ ಹೊಡೆದ. "ಆತು, ಬರ್ರೀ ಹೊರಗ, ಜಲ್ದಿ!" ಭೀಮವ್ವ ಬುಟ್ಟಿ ಹಿಡಿದು ಮುಂದೆ ಓಡಿದಳು. ಒಂಬತ್ತನೆಯದು ಆಗ ಹಾರಿತು. ಬುಟ್ಟಿ ನನ್ನ ಕಾಲ ಹತ್ತಿರ ಬಂದು ಬಿತ್ತು. ಅವಳ ಎಡಗೈ ಅದಕ್ಕಿಂತ ದೂರ ಬಿತ್ತು. ಬಳೆ ಒಡೆದಿರಲಿಲ್ಲ.

ಉಳಿದ ನಾಲ್ವರನ್ನು ಅವತ್ತೇ ಲಾರಿ ಹತ್ತಿಸಿ ಆಂಧ್ರದ ಅವರವರ ಊರಿಗೆ ಕಳಿಸಿಬಿಟ್ಟರು. ಮೇಸ್ತ್ರಿ ಪೊಲೀಸರ ಮುಂದೆ ಬರೆಸಿದ್ದು: ಒಂಬತ್ತೂ ಹಾರಿದ್ದವು, ಆಕೆ ಕುಡಿದಿದ್ದಳು, ಬೀಡಿ ಹಚ್ಚಿಕೊಂಡು ಮದ್ದಿನ ಡಬ್ಬಿ ಹತ್ತಿರ ಹೋದಳು. ಕುಡಿದಿದ್ದಳಂತೆ! ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಬಾಯಲ್ಲಿ ಎಲೆಅಡಿಕೆ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ರೇವಣಸಿದ್ದನ ಗಂಟಲಿಗೆ ಕೈ ಹಾಕಬೇಕು ಅನ್ನಿಸುತ್ತದೆ.

ಟೇಪು ನನ್ನ ಹತ್ತಿರ ಇದೆ. ಎಲ್ಲ ಇದೆ ಅದರಲ್ಲಿ. 'ಒಂಬತ್ತೈತಿ' ಇದೆ, ಎಂಟು ಏಟು, ಸೀಟಿ, ಆಮೇಲೆ ಇನ್ನೊಂದು. ಮೇಸ್ತ್ರಿಯನ್ನು ಒಳಗೆ ಹಾಕಲು ಅಷ್ಟು ಸಾಕು.

9 ಫೆಬ್ರುವರಿ, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಗಣಿಯವರ ಬಿಳಿ ಬೊಲೆರೊ ಜೀಪು ಬಂತು. ನಾಲ್ವರು. ಟೇಪು ಕೊಡು ಅಂದರು, ನಾನು ಮೈಕ್ ಹಿಡಿದದ್ದನ್ನು ಮೇಸ್ತ್ರಿ ನೋಡಿದ್ದ. ಯಾವ ಟೇಪು ಅಂದೆ. ಕಪಾಟು ಕೆಡವಿದರು. 'ಕೆಮ್ಮು', 'ಕುರ್ಚಿ', 'ಬಾಗಿಲು', ಎಲ್ಲ ರಸ್ತೆಗೆ ಎಸೆದು ಗಾಡಿ ಹತ್ತಿಸಿದರು. ರೀಲು ಚಕ್ರಕ್ಕೆ ಸುತ್ತಿಕೊಂಡು ಹೋಯಿತು. ನಾನು ಒಬ್ಬನ ಕಿವಿ ಕಚ್ಚಿದೆ. ಬಲಗೈ ಹೊಸ್ತಿಲ ಮೇಲಿಟ್ಟು ಶಟರ್ ಎಳೆದರು. ಎರಡು ಸಲ. ಮೂರು ಬೆರಳು ಹೋದವು. ಎರಡನೇ ಸಲ ನಾನು ಕೂಗಲೇ ಇಲ್ಲವಂತೆ. ಪಕ್ಕದವರು ಹೇಳಿದರು.

ಟೇಪು ಸಿಗಲಿಲ್ಲ. ಹೇಮಾವತಿ ಅದನ್ನು ಜೋಳದ ಡಬ್ಬಿಯಲ್ಲಿ ಹೂತಿದ್ದಾಳೆ.

ಓಣಿಯವರೆಲ್ಲ ಬಂದು ನೋಡಿ ಹೋದರು. "ಸುಂಕಣ್ಣ ಅಂದ್ರ ಸುಂಕಣ್ಣ! ಬೆರಳು ಕೊಟ್ಟ, ಟೇಪು ಕೊಡ್ಲಿಲ್ಲ." ಕೇಳಿ ಗೋಡೆ ಕಡೆ ಮುಖ ತಿರುಗಿಸಿದೆ.

ಸಂಜೆ ಭೀಮವ್ವನ ಅಕ್ಕ ಬಂದಳು, ನಿಂಗಕ್ಕ. ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ಕೆಲಸ. 22ಕ್ಕೆ ಸಂಡೂರಿಗೆ ಗಣಿ ಇನ್‌ಸ್ಪೆಕ್ಟರ್ ಬರುತ್ತಾರಂತೆ, ವಿಚಾರಣೆ. "ನನ್ನ ತಂಗಿನ್ನ ಕುಡುಕಿ ಅಂತ ಬರದಾರಣ್ಣ. ಅದೊಂದು ಅಳಿಸ್ಬೇಕು. ಟೇಪು ಕೊಡ್ರಿ." ಟೇಪು ಕೆಟ್ಟಿದೆ ತಾಯಿ, ರಿಪೇರಿ ಮಾಡುತ್ತಿದ್ದೇನೆ ಅಂದೆ.

ಸುಳ್ಳು. ಬೆರಳು ಹೋದ ಕೈಯನ್ನು ಅವಳ ಮುಂದೆ ಇಟ್ಟುಕೊಂಡು ಸುಳ್ಳು ಹೇಳಿದೆ.

14 ಫೆಬ್ರುವರಿ, ಮಂಗಳವಾರ. ಬೆಳಿಗ್ಗೆ 6

ಇಲ್ಲಿಯಾದರೂ ಬರೆಯುತ್ತೇನೆ. ಯಾರು ಓದುತ್ತಾರೆ.

ಆ ಟೇಪಿನಲ್ಲಿ ನನ್ನ ದನಿಯೂ ಇದೆ. ಟಿಪ್ಪರ್ ಕೆಳಗೆ ಹೆಂಗಸರು ಎಣಿಸಲು ಬಾಯಿ ತೆರೆದಿದ್ದರು. ನಾನು ಹೇಳಿದೆ — "ಎಣಸಬ್ಯಾಡ್ರಿ, ಎಲ್ಲಾರೂ ಸುಮ್ಮನಿರ್ರಿ. ಟೇಪು ಕ್ಲೀನ್ ಬರ್ಬೇಕು." ಕ್ಲೀನ್! ಕೆಮ್ಮು, ಕುರ್ಚಿ ಅಂತ ಇಪ್ಪತ್ತು ವರ್ಷ ಬಾಯಿ ಬಡಿದುಕೊಂಡವನು ನಾನು. ನನ್ನದೇ ಅಂತ ಒಂದು ಟೇಪು ಆಗುವಾಗ ಕ್ಲೀನ್ ಬೇಕಾಯಿತು.

ಭೀಮವ್ವ ಕೇಳಿದಳು. "ಹಂಗಾರ ಎಣಸೋರು ಯಾರಣ್ಣ?"

"ನಾ ಎಣಸ್ತೀನಿ. ನೀ ಹಾಡು."

ಅವಳು ನಂಬಿದಳು. ಹಾಡಿದಳು. ನಾನು ಎಣಿಸಲಿಲ್ಲ. ಎರಡರ ತನಕ ಎಣಿಸಿದ ನೆನಪು. ಆಮೇಲೆ ಕಣ್ಣು ಮುಚ್ಚಿ ಅವಳ ದನಿ ಕೇಳುತ್ತಾ ಕೂತೆ. ಏಟು ನಿಂತವು. ಸೀಟಿ ಆಯಿತು. ಹೊರಗೆ ಕಾಲಿಡುವ ಮೊದಲು ಅವಳು ನನ್ನ ಕಡೆ ತಿರುಗಿದಳು. "ಹೆಂಗ್ ಬಂತಣ್ಣ?"

"ಮಸ್ತ್!" ಅಂದೆ.

ಎಂಟು ಅನ್ನಬೇಕಿತ್ತು. ಎಂಟೇ ಬಂತು, ನಿಲ್ಲು ಅನ್ನಬೇಕಿತ್ತು.

ರೀಲು ಕತ್ತರಿಸುವುದು ನನಗೆ ದೊಡ್ಡ ಕೆಲಸವಲ್ಲ. ಬ್ಲೇಡು, ಅಂಟು ಟೇಪು, ಎರಡು ಕಡೆ ಕತ್ತರಿ. ನನ್ನ ದನಿ ಇರುವುದಿಲ್ಲ. ನಿನ್ನೆ ಎಡಗೈಯಲ್ಲೇ ಬ್ಲೇಡು ಹಿಡಿದು ಕೂತೆ. ಆದರೆ ಕತ್ತರಿಸಿ ಅಂಟಿಸಿದ್ದು ಗಣಿಯ ವಕೀಲನಿಗೂ ಕಾಣುತ್ತದೆ. ತಿದ್ದಿದ ಟೇಪು ಅಂತ ಹೇಳಿ ಎಸೆಯುತ್ತಾನೆ. ಇಡೀ ಇದ್ದರೆ ಮೇಸ್ತ್ರಿ ಸಿಕ್ಕಿಬೀಳುತ್ತಾನೆ, ನಾನೂ ಬೀಳುತ್ತೇನೆ. ಕತ್ತರಿಸಿದರೆ ಇಬ್ಬರೂ ಪಾರು. ಭೀಮವ್ವ ಕುಡುಕಿಯಾಗೇ ಉಳಿಯುತ್ತಾಳೆ.

ಹೇಮಾವತಿ ನೋಡಿದಳು. ಬ್ಲೇಡು ಕಿತ್ತುಕೊಂಡಳು. ಬೈದಿದ್ದರೆ ಹೊಡೆಯುತ್ತಿದ್ದೆನೇನೋ. ನನಗೆ ನನ್ನ ಮೇಲೇ ಹೆದರಿಕೆ.

20 ಫೆಬ್ರುವರಿ, ಸೋಮವಾರ. ಸಂಜೆ 5

ನಿಂಗಕ್ಕನನ್ನು ನಾನೇ ಕರೆಸಿದೆ. ಮನೆಯೊಳಗೆ ಚಾಪೆ ಹಾಕಿ ಕೂರಿಸಿ ಟೇಪು ಹಚ್ಚಿದೆ. ಏನೂ ಮೊದಲೇ ಹೇಳಲಿಲ್ಲ. ಹೇಳುವ ಧೈರ್ಯ ಇರಲಿಲ್ಲ.

ನನ್ನ ದನಿ ಬಂತು. 'ಎಣಸಬ್ಯಾಡ್ರಿ.' ಅವಳು ನನ್ನ ಕಡೆ ನೋಡಿದಳು. ಆಮೇಲೆ ತಂಗಿಯ ಹಾಡು. ಸೆರಗು ಬಾಯಿಗೆ ತುರುಕಿಕೊಂಡಳು. ಏಟು, ಸೀಟಿ, 'ಹೆಂಗ್ ಬಂತಣ್ಣ', 'ಮಸ್ತ್'. ಆಮೇಲೆ ಅದು.

ಎದ್ದು ಹೊಡೆದಳು. ಕೆನ್ನೆಗೆ, ಬಾಯಿಗೆ, ಕಟ್ಟು ಹಾಕಿದ ಕೈಗೆ. ಅಕ್ಕಿಮೂಟೆ ಎತ್ತುವ ಕೈ. ಹೇಮಾವತಿ ಬಾಗಿಲಲ್ಲೇ ನಿಂತಿದ್ದಳು, ಬಿಡಿಸಲು ಬರಲಿಲ್ಲ. ಕಟ್ಟು ಕೆಂಪಾಯಿತು. ನಾನು ಕೈ ಅಡ್ಡ ಹಿಡಿಯಲಿಲ್ಲ.

ಸುಸ್ತಾಗಿ ಕೂತಳು. "ಇನ್ನೊಮ್ಮಿ ಹಚ್ಚು" ಅಂದಳು. ಅಣ್ಣ ಅನ್ನಲಿಲ್ಲ. "ಎಣಸ್ತೀನಿ ಅಂದಿದ್ಯಲ್ಲ ಅಕಿಗೆ? ಎಣಸು. ಬಾಯಿ ಬಿಟ್ಟು ಎಣಸು."

ಎಣಿಸಿದೆ. ಭೀಮವ್ವನ ಹಾಡಿನ ಮೇಲೇ, ಒಂದೊಂದು ಏಟಿಗೂ. ಎಂಟು ಅಂದೆ. ಎಂಟರ ಮೇಲೆ ಒಂಬತ್ತನೆಯದಕ್ಕೆ ಮೂವತ್ತೆರಡು ಸೆಕೆಂಡು ಇದೆ. ನಿಲ್ಲು ಅನ್ನಲು ಅಷ್ಟು ಹೊತ್ತು ಇತ್ತು ನನಗೆ.

"ಬುಧವಾರ ಸಾಹೇಬ್ರ ಮುಂದೂ ಹಿಂಗ ಎಣಸ್ತಿ" ಅಂದಳು. ಹೂಂ ಅಂದೆ.

22 ಫೆಬ್ರುವರಿ, ಬುಧವಾರ. ಬೆಳಿಗ್ಗೆ 7.40

ಟೇಪು ಹೋಯಿತು. ಆರರ ಬಸ್ಸಿಗೆ ನಿಂಗಕ್ಕ, ಹೇಮಾವತಿ ಇಬ್ಬರೂ ಸಂಡೂರಿಗೆ. ಆದದ್ದನ್ನೆಲ್ಲ ಬರೆದು ಸಹಿ ಮಾಡಿಕೊಟ್ಟಿದ್ದೇನೆ. ಎಣಿಸಬೇಡಿ ಅಂದದ್ದು, ಮಸ್ತ್ ಅಂದದ್ದು, ಎಲ್ಲ. ರೀಲು ಎಲ್ಲೂ ಕತ್ತರಿಸಿಲ್ಲ. ಬೊಲೆರೊ ನಾನಿರುವಲ್ಲಿಗೇ ಬರುತ್ತದೆ, ಅದಕ್ಕೇ ಟೇಪು ಬೇರೆ, ನಾನು ಬೇರೆ. ಎಂಟರ ಬಸ್ಸಿಗೆ ನಾನೂ ಹೊರಡಬೇಕು.

ಬಂತು. ಬೊಲೆರೊ ಅಂಗಡಿ ಮುಂದೆ ನಿಂತಿತು. ಶಟರ್ ಎಳೆದಿದ್ದೇನೆ. ಸಂದಿಯಲ್ಲಿ ನೋಡುತ್ತಿದ್ದೇನೆ. ಹೆದರಿಕೆ ಆಗುತ್ತಿದೆ, ಇಲ್ಲ ಅನ್ನಲಾರೆ. ಬಾಯಿಬಿಟ್ಟೇ ಎಣಿಸುತ್ತಿದ್ದೇನೆ, ಅವರಿಗೂ ಕೇಳಲಿ. ಒಬ್ಬ ಇಳಿದ. ಎರಡು. ಮೂರು. ಕೈಯಲ್ಲಿ ರಾಡು. ನಾಲ್ಕು. ಗಾಡಿಯ ಹಿಂದಿನ ಬಾಗಿಲು ಈಗ ತೆರೆಯಿತು. ಐದು —