ಗೆರೆ ಬಿದ್ದ ಪರದೆ ಬೇಡ ಎಂದವಳು

ಕಾಗುವಾಸು
ಫೆಬ್ರವರಿ ೧೯, ೨೦೨೩

ಮಗನೇ ವಿಲ್ಫ್ರೀದೊ,

ಕಾಕುಪೆಯ ಮಾತೆ ನಿನ್ನನ್ನೂ ಬ್ಯೂನಸ್ ಐರಿಸ್‌ನ ನಿನ್ನ ಮನೆಯವರನ್ನೂ ಕಾಪಾಡಲಿ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಕೈನೋವಿತ್ತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ, ಅದಕ್ಕೇ ಬರೆಯಲು ಕೂತೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಷ್ಟವಿಲ್ಲ.

ನಾನು ಗಟ್ಟಿಯಾಗಿದ್ದೇನೆ. ಮರಗೆಣಸು ಚೆನ್ನಾಗಿ ಬಂದಿದೆ. ಬಸ್ ನಿಲ್ದಾಣದಲ್ಲಿ ನನ್ನ ಚಿಪಾ ರೊಟ್ಟಿ ಈಗಲೂ ಬಿಸಿ ಆರುವ ಮೊದಲೇ ಖಾಲಿಯಾಗುತ್ತದೆ. ನಿನ್ನ ಮಗಳು ಮಿರ್ನಾಗೆ ಅಸುನ್ಸಿಯೋನ್‌ನಲ್ಲಿ ಕಾನೂನು ಓದಲು ಸೀಟು ಸಿಕ್ಕಿದ್ದು ನಿನಗೆ ಗೊತ್ತೇ ಇದೆ. ಆ ಸುದ್ದಿ ಹೇಳಿದಾಗ ನೀನು ಏನಂದೆ ಎಂಬುದೂ ನೆನಪಿರಬೇಕು. "ಕಣ್ಣು ಕಾಣದೋಳಿಗೆ ಲ್ಯಾಪ್‌ಟಾಪ್ ಯಾಕಮ್ಮ? ಅದು ಪರದೆ ನೋಡೋರಿಗೆ. ಒಂದು ರೇಡಿಯೊ ಕೊಡ್ಸು, ಮನೇಲಿ ಕೂತು ಕೇಳ್ಕೊಂಡಿರ್ಲಿ." ಅವಳು ನನ್ನ ಪಕ್ಕದಲ್ಲೇ ಮರಗೆಣಸು ಸುಲಿಯುತ್ತಿದ್ದಳು. ಫೋನ್ ಇಟ್ಟ ಮೇಲೆ, "ಅಜ್ಜಿ, ಪೇಟೆಗೆ ಯಾವತ್ತು ಹೋಗೋಣ?" ಎಂದಳು. ಅಷ್ಟೇ.

ಹೋದೆವು. ಸಿಯುದಾದ್ ದೆಲ್ ಎಸ್ತೆಗೆ ಬಸ್ ಹತ್ತಿದಾಗ, ಕೊಟ್ಟಿಗೆಯಲ್ಲಿದ್ದ ನಿನ್ನ ಮೋಟಾರ್ ಸೈಕಲ್ ಮಾರಿದ ಹಣ ನನ್ನ ಒಳಜೇಬಿನಲ್ಲಿತ್ತು. ಹೌದು, ಮಾರಿದೆ. ನಿನ್ನನ್ನು ಕೇಳಬೇಕು ಅನ್ನಿಸಲಿಲ್ಲ.

ಸೇತುವೆ ಕಡೆಯ ಬೀದಿ ಗೊತ್ತಲ್ಲ, ಬ್ರೆಜಿಲ್‌ನವರು ಗಂಟು ಹೊತ್ತು ನುಗ್ಗುವ ಜಾಗ. ಅಲ್ಲಿ ದೋನ್ ಬ್ರಿಹಿದೊ ಎಂಬುವನ ಅಂಗಡಿಗೆ ಹೋದೆವು. ಅವನು ಮಿರ್ನಾಳ ಬಿಳಿ ಕೋಲು ನೋಡಿದವನೇ ನನ್ನ ಕಡೆ ತಿರುಗಿ, "ಇವ್ರಿಗೆ ಯಾವ ಬಣ್ಣ ಇಷ್ಟ ಆಗ್ಬಹುದು ಅಮ್ಮಾ?" ಎಂದ.

"ನನ್ನನ್ನೇ ಕೇಳಿ," ಎಂದಳು ಮಿರ್ನಾ. "ಕಣ್ಣಿಲ್ಲ, ನಾಲಿಗೆ ಇದೆ."

ಆಮೇಲೆ ಅವಳು ಅಂಗಡಿಯನ್ನೇ ತನ್ನ ಕೈಗೆ ತೆಗೆದುಕೊಂಡಳು. ಒಂದೊಂದೇ ಲ್ಯಾಪ್‌ಟಾಪ್ ಮುಂದಿಡಿಸಿ, ಮೊದಲು ಕೀಗಳ ಮೇಲೆ ಬೆರಳಾಡಿಸಿ, ಮತ್ತೆ ಮೂರು ಕೀ ಒಟ್ಟಿಗೆ ಒತ್ತುತ್ತಿದ್ದಳು. ಯಂತ್ರ ಪರದೆ ಮೇಲಿರುವುದನ್ನೆಲ್ಲ ಬಾಯಿಬಿಟ್ಟು ಓದತೊಡಗುತ್ತಿತ್ತು! ಬಂಗಾರದ ಬಣ್ಣದ್ದೊಂದು ತೊದಲಿತು. ಅದನ್ನು ಪಕ್ಕಕ್ಕೆ ತಳ್ಳಿದಳು. ಇನ್ನೊಂದರ ಫ್ಯಾನ್ ಒಲೆ ಉರಿದ ಹಾಗೆ ಭರ್ರೋ ಎಂದಿತು. "ಇದನ್ನ ತಗೊಂಡು ಹೋದ್ರೆ ಕ್ಲಾಸಿಂದ ಓಡಿಸ್ತಾರೆ" ಎಂದಳು. ಜನ ಸೇರಿದರು. ಯಾರೋ ಹೆಂಗಸು, "ಅಯ್ಯೋ ಪಾಪ, ಎಷ್ಟು ಲಕ್ಷಣವಾಗಿದಾಳೆ" ಎಂದು ಲೊಚಗುಟ್ಟಿದಳು.

"ಪಾಪ ಅನ್ನೋರು ಸ್ವಲ್ಪ ಹೊರಗೆ ಹೋಗಿ ಅನ್ನಿ. ಇದು ಹೇಳೋದು ಕೇಳಿಸ್ತಿಲ್ಲ," ಎಂದಳು ನಿನ್ನ ಮಗಳು.

ಕೊನೆಗೆ ಕಪ್ಪಗಿನ, ದಪ್ಪ ಅಂಚಿನದೊಂದು ಅವಳಿಗೆ ಒಪ್ಪಿಗೆಯಾಯಿತು. ಕೀ ಗಟ್ಟಿ, ಮಾತು ಸರಾಗ, ಸದ್ದಿಲ್ಲ. ಆಗ ದೋನ್ ಬ್ರಿಹಿದೊ ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಇದೇ ಮಾಲು ಒಳಗೆ ಇನ್ನೊಂದಿದೆ. ಪರದೆ ಮೇಲೆ ಉದ್ದಕ್ಕೂ ಒಂದು ಗೆರೆ ಬಿದ್ದಿದೆ ಅಷ್ಟೇ. ಅರ್ಧಕ್ಕೆ ಕೊಡ್ತೀನಿ. ಇವ್ರಿಗೇನು, ಕಾಣುತ್ತಾ?" ಎಂದ.

ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು. ಆದರೆ ಅವಳ ಕಿವಿ ನಿನಗೆ ಗೊತ್ತಲ್ಲ.

"ನನಗೆ ಕಾಣಲ್ಲ ಅಂತ ಕೆಟ್ಟಿದ್ದನ್ನ ಕೊಡ್ತೀರಾ?" ಎಂದಳು. "ಪಕ್ಕದಲ್ಲಿ ಕೂತೋರಿಗೆ ಕಾಣುತ್ತೆ. ಮೇಷ್ಟ್ರಿಗೆ ಕಾಣುತ್ತೆ. ನಾಳೆ ಕೋರ್ಟಲ್ಲಿ ಜಡ್ಜ್ ಕಡೆ ತಿರುಗಿಸಿ ತೋರಿಸ್ಬೇಕಾದ್ರೆ, ಕುರುಡಿ ಗೆರೆ ಬಿದ್ದಿದ್ದನ್ನ ತಂದಿದಾಳೆ ಅಂತಾರೆ. ಊರೆಲ್ಲ ಬೇಡ ಅಂದಿದ್ದು ನನ್ನ ಪಾಲಿಗೆ ಯಾಕೆ ಬರ್ಬೇಕು? ನೆಟ್ಟಗಿರೋದು ಕೊಡಿ, ಇಲ್ಲ ಪಕ್ಕದ ಅಂಗಡಿ ತೋರಿಸಿ."

ವಿಲ್ಫ್ರೀದೊ, ನನ್ನ ಜನ್ಮದಲ್ಲಿ ನಾನು ಯಾರೆದುರೂ ಹಾಗೆ ಮಾತಾಡಿದವಳಲ್ಲ. ಮುರುಕಲು ಕೊಟ್ಟರೂ ಕಣ್ಣಿಗೊತ್ತಿಕೊಂಡು ಬಂದವಳು. ಅಂದು ಅವಳ ಪಕ್ಕದಲ್ಲಿ ನಿಂತು ನನ್ನ ಬೆನ್ನೂ ನೆಟ್ಟಗಾಯಿತು. "ಕೇಳಿಸ್ತಲ್ಲ? ನೆಟ್ಟಗಿರೋದು ತಗೊಂಬಾ," ಎಂದೆ.

ಅವನು ತಲೆ ಕೆರೆದುಕೊಂಡು ಒಳಗೆ ಹೋಗಿ, ಸೀಲು ಒಡೆಯದ ಪೆಟ್ಟಿಗೆ ತಂದ. ಪರದೆಯನ್ನು ಮೂಲೆಮೂಲೆಯೂ ನೋಡೆಂದು ಮಿರ್ನಾ ನನಗೆ ಹೇಳಿದಳು. ಕನ್ನಡಕ ಒರೆಸಿಕೊಂಡು ನೋಡಿದೆ. ಕೊನೆಗೆ ದೋನ್ ಬ್ರಿಹಿದೊ ಕೇಳಿದ್ದು ಅವಳನ್ನೇ: "ವಕೀಲಮ್ಮಾ, ಬಿಲ್ಲು ಯಾರ ಹೆಸರಿಗೆ ಬರೀಲಿ?"

"ನನ್ನ ಹೆಸರಿಗೆ."

ಈಗ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಆ ಯಂತ್ರ ದೇಶದ ಕಾನೂನು ಓದುತ್ತದೆ. ಎಷ್ಟು ಬಿರುಸಾಗಿ ಎಂದರೆ ನನಗೆ ಒಂದಕ್ಷರ ಹತ್ತುವುದಿಲ್ಲ. ಅವಳು ಕೇಳುತ್ತ ನಗುತ್ತಾಳೆ, ಕೆಲವೊಮ್ಮೆ ಅದರ ಜೊತೆ ಜಗಳಕ್ಕೇ ನಿಲ್ಲುತ್ತಾಳೆ. ಬರುವ ಭಾನುವಾರ ಅಸುನ್ಸಿಯೋನ್‌ಗೆ ಹೊರಡುತ್ತಾಳೆ. ಅಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ಕೋಣೆ ಹಿಡಿದಿದ್ದಾಳೆ. ಒಂದು ವಾರ ಜೊತೆಗಿದ್ದು ಬರುತ್ತೇನೆ ಎಂದೆ. "ಬಸ್ಸಿನ ಮೆಟ್ಟಿಲವರೆಗೆ ಬಾ ಅಜ್ಜಿ, ಸಾಕು," ಎಂದಳು.

ಇದನ್ನೆಲ್ಲ ನಿನ್ನಿಂದ ಏನನ್ನಾದರೂ ಬೇಡಲು ಬರೆದಿಲ್ಲ. ಏನೂ ಕಳಿಸಬೇಡ. ಈಸ್ಟರ್‌ಗೆ ಬರುವುದಾದರೆ ಬಾ, ನೀನು ಹುಟ್ಟಿದ ಮನೆ, ಬಾಗಿಲು ಹಾಕುವುದಿಲ್ಲ. ಏಣಿ ಹತ್ತುವಾಗ ಹುಷಾರು, ಬಿಸಿಲಿಗೆ ಟೋಪಿ ಹಾಕಿಕೋ. ದೇವರು ನಿನಗೆ ಆಯಸ್ಸನ್ನೂ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಹೆತ್ತ ತಾಯಿ,
ದೆಯೊಲಿಂದಾ

ಮರುಬರಹ: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಏಳಲಿಲ್ಲ. ನಿನ್ನ ಜೊತೆ ಗಾರೆ ಕೆಲಸ ಮಾಡುವ ಸೆಲ್ಸೊ ಕ್ರಿಸ್‌ಮಸ್‌ಗೆ ಊರಿಗೆ ಬಂದಿದ್ದ. ನಮ್ಮ ಜಗಲಿಯಲ್ಲಿ ಕೂತು, ಅಲ್ಲಿ ಯಾರೋ ನಿನಗೆ ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ "ಎರಡೇ, ಎರಡೂ ಗಂಡು" ಎಂದು ನೀನು ಹೇಳಿದೆಯೆಂದು ನಗುತ್ತ ಹೇಳಿದ. ಬಾಗಿಲ ಹಿಂದೆ ಮಿರ್ನಾ ನಿಂತಿದ್ದು ಅವನಿಗೆ ಆಮೇಲೆ ಕಂಡಿತು. ಅವನು ಎದ್ದು ಹೋದ ಮೇಲೆ ಅವಳೇ ಹೇಳಿದಳು: "ಒಳ್ಳೇದಾಯ್ತು ಅಜ್ಜಿ. ಇನ್ನು ಓದೋಕೆ ಅವ್ರ ಅಪ್ಪಣೆ ಕೇಳ್ಬೇಕಾಗಿಲ್ಲ."

ಅಂದಿನಿಂದ ಅವಳ ಬಾಯಲ್ಲಿ ಅಪ್ಪ ಎಂಬ ಮಾತಿಲ್ಲ. ನಿನ್ನ ಫೋನ್ ಬಂದರೆ ನನ್ನನ್ನು ಕೂಗಿ ಕರೆಯುತ್ತಾಳೆ, "ಅಜ್ಜಿ, ನಿನ್ನ ಮಗನ ಫೋನು."